ಅರ್ಧ ತುಂಬಿದ ಫಾರ್ಮ್ ಖಾಲಿ: ಫೋನ್ ತಿರುಗಿಸಿದರೆ ಸರಿ ಇದೆ, ಕ್ಯಾಮೆರಾದಿಂದ ವಾಪಸ್ ಬಂದರೆ ಎಲ್ಲ ಮಾಯ

ಅಡಿಕೆಗರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ನಾವು ಮೂರು ಜನ ಸೇರಿ ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇವೆ. ತೋಟದಲ್ಲಿ ಎಲೆಚುಕ್ಕಿ ರೋಗ ಕಂಡರೆ ಫಾರ್ಮ್ ತುಂಬಿ, ಎಲೆಯ ಫೋಟೋ ತೆಗೆದು ಕಳಿಸಬೇಕು. 14 ಪ್ರಶ್ನೆ ಇವೆ. ಕೊನೆಯದು "ನೀವು ಕಂಡಿದ್ದನ್ನು ನಿಮ್ಮ ಮಾತಲ್ಲಿ ಬರೆಯಿರಿ".

ಮೊದಲು ಬಂದ ದೂರು, ಫೋನ್ ಅಡ್ಡ ಹಿಡಿದರೆ ಬರೆದದ್ದೆಲ್ಲ ಹೋಗುತ್ತದೆ ಅಂತ. ಉತ್ತರಗಳನ್ನೆಲ್ಲ ವ್ಯೂಮಾಡೆಲ್‌ಗೆ (ಸ್ಕ್ರೀನಿನ ಮಾಹಿತಿಯನ್ನು ಸ್ಕ್ರೀನಿನಿಂದ ಬೇರೆಯಾಗಿ ಹಿಡಿದಿಡುವ ಭಾಗ) ಹಾಕಿದೆ. ಸರಿಯಾಯಿತು. ನನ್ನ ಫೋನಿನಲ್ಲಿ ಹತ್ತಾರು ಸಲ ತಿರುಗಿಸಿ ನೋಡಿದೆ, ಒಂದಕ್ಷರವೂ ಹೋಗಲಿಲ್ಲ. ಮುಗಿಯಿತು ಅಂದುಕೊಂಡೆ.

ಕಳೆದ ಭಾನುವಾರ ತೀರ್ಥಹಳ್ಳಿಯಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರದ್ದು 2 ಜಿಬಿ ರ‍್ಯಾಮ್ ಇರುವ ಹಳೇ ಫೋನ್. ಜಗಲಿಯಲ್ಲಿ ಕೂತು ಒಂದೇ ಬೆರಳಲ್ಲಿ ಕನ್ನಡ ಟೈಪ್ ಮಾಡುತ್ತಾ ಫಾರ್ಮ್ ತುಂಬಿದರು. ಹತ್ತು ನಿಮಿಷ ಹಿಡಿಯಿತು. ಫೋಟೋ ಬಟನ್ ಒತ್ತಿದರು. ಕ್ಯಾಮೆರಾ ಬಂತು, ಎಲೆಯ ಫೋಟೋ ತೆಗೆದು ಟಿಕ್ ಒತ್ತಿದರು. ವಾಪಸ್ ಬಂದರೆ ಫಾರ್ಮ್ ಪೂರ್ತಿ ಖಾಲಿ. ಫೋಟೋನೂ ಇಲ್ಲ.

ಅವರು ಬಯ್ಯಲಿಲ್ಲ. "ನಾನೇ ಏನೋ ತಪ್ಪು ಒತ್ತಿದೆ ಅನ್ಸುತ್ತೆ ಮಗಾ" ಅಂದರು. ಪಕ್ಕದಲ್ಲೇ ಕೂತು ನೋಡುತ್ತಿದ್ದೆ, ಅವರು ಏನೂ ತಪ್ಪು ಒತ್ತಿರಲಿಲ್ಲ. ಆ ಮಾತು ಅವತ್ತಿನಿಂದ ತಲೆಯಲ್ಲೇ ಕೂತಿದೆ.

ವ್ಯೂಮಾಡೆಲ್‌ನಲ್ಲಿ ಇಟ್ಟಮೇಲೂ ಯಾಕೆ ಹೋಯಿತು? ನನ್ನ 8 ಜಿಬಿ ಫೋನಿನಲ್ಲಿ ಏನು ಮಾಡಿದರೂ ಇದು ಕಾಣುತ್ತಿಲ್ಲ.

ಬಯಲುಸೀಮೆ

ಗುರು, ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ಸೆಟ್ಟಿಂಗ್ ಫೈಲ್) ಪೋರ್ಟ್ರೇಟ್ ಲಾಕ್ ಮಾಡಿಬಿಡಿ. ನಾವು ಎಲ್ಲ ಆ್ಯಪಲ್ಲೂ ಅದನ್ನೇ ಮಾಡೋದು. ಸ್ಕ್ರೀನ್ ತಿರುಗೋದೇ ಇಲ್ಲ ಅಂದಮೇಲೆ ಈ ತಲೆನೋವೂ ಇಲ್ಲ.

ಅಡಿಕೆಗರಿ

ಚಿಕ್ಕಮ್ಮ ಫೋನ್ ತಿರುಗಿಸಲೇ ಇಲ್ಲ ಸರ್. ಪೂರ್ತಿ ಹೊತ್ತು ಉದ್ದಕ್ಕೇ ಹಿಡಿದಿದ್ದರು.

ಹಂಚಿನಮನೆ

ಅಡಿಕೆಗರಿ ಅವರೇ, ನೀವು ನೋಡಿದ್ದು ಬೇರೆಯೇ ಸಂಗತಿ. ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ಎರಡು ಥರ ಸಾಯುತ್ತದೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಮುಕ್ಕಾಲು ಪಾಲು ತೊಂದರೆ ಶುರುವಾಗುತ್ತದೆ.

ಮೊದಲನೆಯದು ಕಾನ್ಫಿಗರೇಶನ್ ಬದಲಾವಣೆ, ಅಂದರೆ ಸ್ಕ್ರೀನಿನ ದಿಕ್ಕು, ಭಾಷೆಯಂಥವು ಬದಲಾಗುವುದು. ಫೋನ್ ತಿರುಗಿಸಿದಿರಿ ಅಂದುಕೊಳ್ಳಿ. ಆ್ಯಕ್ಟಿವಿಟಿಗೆ, ಅಂದರೆ ಆ್ಯಪ್‌ನ ಒಂದು ಸ್ಕ್ರೀನಿಗೆ, ಆನ್‌ಪಾಸ್, ಆನ್‌ಸ್ಟಾಪ್, ಆನ್‌ಡಿಸ್ಟ್ರಾಯ್ ಅನ್ನುವ ಸಿಸ್ಟಮ್ ಕರೆಗಳು ಸಾಲಾಗಿ ಬರುತ್ತವೆ. ತಕ್ಷಣ ಹೊಸ ಆ್ಯಕ್ಟಿವಿಟಿ ಹುಟ್ಟಿ ಆನ್‌ಕ್ರಿಯೇಟ್ ಓಡುತ್ತದೆ. ಆದರೆ ಪ್ರೋಸೆಸ್, ಅಂದರೆ ಮೆಮೊರಿಯಲ್ಲಿ ಓಡುತ್ತಿರುವ ಆ್ಯಪ್, ಅದೇ ಇರುತ್ತದೆ. ಹಳೇ ಆ್ಯಕ್ಟಿವಿಟಿ ಕೈಯಿಂದ ಹೊಸದರ ಕೈಗೆ ವ್ಯೂಮಾಡೆಲ್ ಹಾಗೇ ದಾಟುತ್ತದೆ. ಮನೆಗೆ ಸುಣ್ಣ ಹೊಡೆಯುವಾಗ ಸಾಮಾನನ್ನೆಲ್ಲ ಜಗಲಿಗೆ ಇಟ್ಟು, ಆಮೇಲೆ ಒಳಗೆ ತರುತ್ತೇವಲ್ಲ, ಹಾಗೆ. ಆ ಜಗಲಿಯೇ ವ್ಯೂಮಾಡೆಲ್. 2017ರ ಗೂಗಲ್ ಐ/ಓ ಸಮ್ಮೇಳನದಲ್ಲಿ ಅದನ್ನು ತೋರಿಸಿದಾಗ ನಮಗೆಲ್ಲ ಎಷ್ಟು ಸಮಾಧಾನ ಆಗಿತ್ತು ಅಂದರೆ, ಇನ್ನು ಈ ಚಿಂತೆಯೇ ಇಲ್ಲ ಅಂತ ತುಂಬಾ ಜನ ತಿಳಿದುಬಿಟ್ಟರು.

ಎರಡನೆಯದು ಪ್ರೋಸೆಸ್ ಸಾವು. ಕ್ಯಾಮೆರಾ ತೆರೆದಾಗ ನಿಮ್ಮ ಆ್ಯಪ್ ಹಿಂದೆ ಸರಿಯಿತು, ಆನ್‌ಸ್ಟಾಪ್ ಆಯಿತು. ಕ್ಯಾಮೆರಾ ಮೆಮೊರಿ ಜಾಸ್ತಿ ತಿನ್ನುತ್ತದೆ. 2 ಜಿಬಿ ಫೋನಿನಲ್ಲಿ ಜಾಗ ಸಾಲದೆ ಹೋದರೆ ಲೋ ಮೆಮೊರಿ ಕಿಲ್ಲರ್ ಹಿಂದೆ ಇರುವ ಆ್ಯಪ್‌ಗಳನ್ನು ಕೊಲ್ಲುತ್ತಾ ಬರುತ್ತದೆ. ಆಗ ಆನ್‌ಡಿಸ್ಟ್ರಾಯ್ ಕೂಡ ಕರೆಯುವುದಿಲ್ಲ. ಪ್ರೋಸೆಸ್ ಅಲ್ಲಿಗೇ ಮುಗಿಯಿತು. ಇಲ್ಲಿ ಸುಣ್ಣ ಹೊಡೆಯುವ ಮಾತೇ ಇಲ್ಲ, ಮನೆಯೇ ಬಿತ್ತು. ಜಗಲಿಯೂ ಅದರ ಜೊತೆ ಹೋಯಿತು.

ಆದರೆ ಬಳಸುವವರಿಗೆ ಇದು ಗೊತ್ತಾಗಬಾರದು ಅನ್ನುವುದು ಆಂಡ್ರಾಯ್ಡ್ ಮೊದಲಿನಿಂದಲೂ ಮಾಡಿಕೊಂಡ ಏರ್ಪಾಡು. ಅದಕ್ಕೇ ಆನ್‌ಸೇವ್‌ಇನ್‌ಸ್ಟನ್ಸ್‌ಸ್ಟೇಟ್ ಇದೆ, ಸ್ಕ್ರೀನ್ ಹಿಂದೆ ಸರಿಯುವಾಗ ಸಿಸ್ಟಮ್ ಅದನ್ನು ಕರೆಯುತ್ತದೆ. ಅಲ್ಲಿ ನೀವು ಬಂಡಲ್‌ಗೆ (ಮಾಹಿತಿಯ ಸಣ್ಣ ಗಂಟು) ಹಾಕಿದ್ದು ನಿಮ್ಮ ಪ್ರೋಸೆಸ್‌ನಲ್ಲಿ ಉಳಿಯುವುದಿಲ್ಲ, ಸಿಸ್ಟಮ್ ಪ್ರೋಸೆಸ್‌ಗೆ ಹೋಗಿ ಕೂರುತ್ತದೆ. ಪಕ್ಕದ ಮನೆಯವರ ಕೈಯಲ್ಲಿ ಚೀಟಿ ಕೊಟ್ಟುಹೋದ ಹಾಗೆ. ಮನೆ ಮತ್ತೆ ಎದ್ದಾಗ ಆನ್‌ಕ್ರಿಯೇಟ್‌ಗೆ ಆ ಚೀಟಿ ವಾಪಸ್ ಸಿಗುತ್ತದೆ.

ಈಗ ಒಂದು ಪ್ರಶ್ನೆ. ಎಡಿಟ್‌ಟೆಕ್ಸ್ಟ್‌ಗೆ (ಟೈಪ್ ಮಾಡುವ ಡಬ್ಬಿ) ಐಡಿ ಇದ್ದರೆ ಅದರೊಳಗಿನ ಬರಹವನ್ನು ಸಿಸ್ಟಮ್ ತಾನೇ ಬಂಡಲ್‌ಗೆ ಸೇರಿಸುತ್ತದೆ, ನಾವೇನೂ ಮಾಡಬೇಕಿಲ್ಲ. ನಿಮ್ಮಲ್ಲಿ ಅದೂ ಆಗಿಲ್ಲ. ಲೇಔಟ್ ಹೇಗೆ ಕಟ್ಟಿದ್ದೀರಿ?

ಅಡಿಕೆಗರಿ

ಪ್ರಶ್ನೆಗಳು ಸರ್ವರ್‌ನಿಂದ ಬರುತ್ತವೆ. ಎಷ್ಟು ಪ್ರಶ್ನೆಯೋ ಅಷ್ಟು ಎಡಿಟ್‌ಟೆಕ್ಸ್ಟ್ ಕೋಡ್‌ನಲ್ಲೇ ಮಾಡಿ ಲೀನಿಯರ್‌ಲೇಔಟ್‌ಗೆ (ಸಾಲಾಗಿ ಜೋಡಿಸುವ ಚೌಕಟ್ಟು) ಸೇರಿಸುತ್ತೇನೆ. ಐಡಿ ಕೊಟ್ಟಿಲ್ಲ.

ಹಂಚಿನಮನೆ

ಅಲ್ಲೇ ಇದೆ. ಐಡಿ ಇಲ್ಲದ ವ್ಯೂ (ಸ್ಕ್ರೀನಿನ ಮೇಲಿನ ಒಂದು ಭಾಗ) ತನ್ನ ಸ್ಥಿತಿಯನ್ನು ಯಾವ ಹೆಸರಲ್ಲಿ ಇಡಬೇಕು? ಹಾಗಾಗಿ ಇಡುವುದೇ ಇಲ್ಲ. ಹಾಗಂತ ಜನರೇಟ್‌ವ್ಯೂಐಡಿ ಕರೆದು ಐಡಿ ಕೊಡಬೇಡಿ. ಅದು ಓಡುವಾಗ ಸಾಲಾಗಿ ಹುಟ್ಟಿಸುವ ಸಂಖ್ಯೆ. ಮುಂದಿನ ಪ್ರೋಸೆಸ್‌ನಲ್ಲಿ ಅದೇ ಪ್ರಶ್ನೆಗೆ ಅದೇ ಸಂಖ್ಯೆ ಸಿಗುತ್ತದೆ ಅಂತ ಏನೂ ಇಲ್ಲ. ಮೂರನೇ ಉತ್ತರ ಐದನೇ ಡಬ್ಬಿಯಲ್ಲಿ ಕೂತರೆ ಖಾಲಿ ಇರುವುದಕ್ಕಿಂತ ಕೆಟ್ಟದ್ದು.

ವ್ಯೂಮಾಡೆಲ್ ಒಳಗೆ ಸೇವ್ಡ್‌ಸ್ಟೇಟ್‌ಹ್ಯಾಂಡಲ್ ತೆಗೆದುಕೊಳ್ಳಿ, ಬಂಡಲ್‌ಗೆ ಬರೆಯುವ, ಓದುವ ಹಿಡಿಕೆ ಅದು. ಪ್ರಶ್ನೆಯ ಕೀ ಹಿಡಿದು ಉತ್ತರ ಇಡಿ. ತಿರುಗಿಸಿದಾಗ ವ್ಯೂಮಾಡೆಲ್ ಹಾಗೇ ಉಳಿಯುತ್ತದೆ. ಪ್ರೋಸೆಸ್ ಸತ್ತರೆ ಹ್ಯಾಂಡಲ್ ಬಂಡಲ್‌ನಿಂದ ತುಂಬಿಕೊಳ್ಳುತ್ತದೆ.

ನಿಮ್ಮ ಫೋನಿನಲ್ಲೂ ಇದನ್ನು ಕಣ್ಣಾರೆ ನೋಡಬಹುದು. ಅರ್ಧ ಫಾರ್ಮ್ ತುಂಬಿ. ಹೋಮ್ ಒತ್ತಿ. ಕಂಪ್ಯೂಟರ್‌ನಿಂದ ಎಡಿಬಿ ಶೆಲ್‌ನಲ್ಲಿ (ಫೋನಿಗೆ ಕಮಾಂಡ್ ಕೊಡುವ ಸಾಧನ) ಎಎಂ ಕಿಲ್ (ಹಿಂದೆ ಸರಿದ ಆ್ಯಪ್‌ನ ಪ್ರೋಸೆಸ್ ಕೊಲ್ಲುವ ಕಮಾಂಡ್) ಕೊಟ್ಟು, ಮುಂದೆ ನಿಮ್ಮ ಪ್ಯಾಕೇಜ್ ಹೆಸರು ಹಾಕಿ. ಆಮೇಲೆ ರೀಸೆಂಟ್ಸ್‌ನಿಂದ ಆ್ಯಪ್ ತೆರೆಯಿರಿ. ಫೋರ್ಸ್ ಸ್ಟಾಪ್ ಮಾಡಬೇಡಿ, ಅದರಿಂದ ಚೀಟಿಯೂ ಹೋಗುತ್ತದೆ, ಪರೀಕ್ಷೆಗೆ ಅರ್ಥ ಇರುವುದಿಲ್ಲ. ರೀಸೆಂಟ್ಸ್‌ನಲ್ಲಿ ಸ್ವೈಪ್ ಮಾಡಿ ತೆಗೆದರೂ ಅಷ್ಟೇ. ಅಲ್ಲಿ ಬಳಸುವವರೇ "ಸಾಕು" ಅಂದಿದ್ದಾರೆ ಅಂತ ಸಿಸ್ಟಮ್ ತಿಳಿಯುತ್ತದೆ.

ನಡುರಾತ್ರಿ

ಹಂಚಿನಮನೆ ಸರ್ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಎರಡೂ ನಾನು ಪೆಟ್ಟು ತಿಂದು ಕಲಿತವು.

ಡೆವಲಪರ್ ಆಪ್ಷನ್ಸ್‌ನಲ್ಲಿ "ಡೋಂಟ್ ಕೀಪ್ ಆ್ಯಕ್ಟಿವಿಟೀಸ್" ಅಂತ ಇದೆಯಲ್ಲ, ಅದನ್ನು ಆನ್ ಮಾಡಿ ನೋಡಿದರೆ ಸಾಕು ಅಂತ ಬಹಳ ಜನ ಹೇಳುತ್ತಾರೆ. ಸಾಲದು. ಅದು ಆ್ಯಕ್ಟಿವಿಟಿಯನ್ನು ಮಾತ್ರ ಕೊಲ್ಲುತ್ತದೆ, ವ್ಯೂಮಾಡೆಲ್ ಕೂಡ ಹೋಗುತ್ತದೆ, ನಿಜ. ಆದರೆ ಪ್ರೋಸೆಸ್ ಬದುಕಿರುತ್ತದೆ. ಅಂದರೆ ಇಡೀ ಆ್ಯಪ್‌ಗೆ ಒಂದೇ ಇರುವ ಸಿಂಗಲ್‌ಟನ್‌ಗಳು, ಸ್ಟ್ಯಾಟಿಕ್ ವೇರಿಯೇಬಲ್‌ಗಳು ಎಲ್ಲ ಹಾಗೇ ಉಳಿಯುತ್ತವೆ. ನಿಜವಾದ ಸಾವಿನಲ್ಲಿ ಅವೂ ಉಳಿಯುವುದಿಲ್ಲ.

ಒಂದು ಕಡೆ ನಾವು ಸ್ಪ್ಲ್ಯಾಶ್ ಸ್ಕ್ರೀನ್‌ನಲ್ಲಿ (ಆ್ಯಪ್ ತೆರೆದಾಗ ಮೊದಲು ಕಾಣುವುದು) ಲಾಗಿನ್ ಆದವರ ವಿವರ ಓದಿ ಒಂದು ಸಿಂಗಲ್‌ಟನ್‌ನಲ್ಲಿ ಇಡುತ್ತಿದ್ದೆವು. ಉಳಿದ ಎಲ್ಲ ಸ್ಕ್ರೀನ್‌ಗಳೂ ಅಲ್ಲಿಂದಲೇ ತೆಗೆದುಕೊಳ್ಳುತ್ತಿದ್ದವು. ಪ್ರೋಸೆಸ್ ಸತ್ತು ವಾಪಸ್ ಬಂದರೆ ಆ್ಯಪ್ ಸ್ಪ್ಲ್ಯಾಶ್‌ನಿಂದ ಶುರುವಾಗುವುದಿಲ್ಲ! ಬಿಟ್ಟುಹೋದ ಸ್ಕ್ರೀನೇ ನೇರವಾಗಿ ಎದ್ದು ಬರುತ್ತದೆ. ಮೂರನೇ ಸ್ಕ್ರೀನ್ ಎದ್ದಿತು, ಸಿಂಗಲ್‌ಟನ್ ಖಾಲಿ, ನಲ್ ಪಾಯಿಂಟರ್, ಕ್ರ್ಯಾಶ್. ಓಟಿಪಿ ನೋಡಲು ಮೆಸೇಜ್ ಆ್ಯಪ್‌ಗೆ ಹೋಗಿ ಬಂದವರಿಗೆ, ಯುಪಿಐ ಆ್ಯಪ್‌ನಲ್ಲಿ ದುಡ್ಡು ಕಟ್ಟಿ ವಾಪಸ್ ಬಂದವರಿಗೆ ಇದು ಆಗುತ್ತಿತ್ತು. ದುಡ್ಡು ಕಟ್ಟಿದ ಮೇಲೆ ಆ್ಯಪ್ ಬಿದ್ದರೆ ಮನುಷ್ಯನಿಗೆ ಎಷ್ಟು ಗಾಬರಿ ಆಗಬೇಡ? ಕ್ರ್ಯಾಶ್ ರಿಪೋರ್ಟ್ ತಿಂಗಳುಗಟ್ಟಲೆ ಬರುತ್ತಿತ್ತು, ನಮ್ಮ ಆಫೀಸಿನ ಯಾವ ಫೋನಿನಲ್ಲೂ ಒಂದು ಸಲವೂ ಆಗಲಿಲ್ಲ. ಕೊನೆಗೆ ಎಎಂ ಕಿಲ್ ಕೊಟ್ಟು ನೋಡಿದ ದಿನ ಐದೇ ನಿಮಿಷದಲ್ಲಿ ಸಿಕ್ಕಿತು.

ಹಾಗಾಗಿ ಯಾವ ಸ್ಕ್ರೀನ್ ಆದರೂ ತಾನೇ ಮೊದಲು ಎದ್ದದ್ದು ಅಂದುಕೊಂಡು ಬರೆಯಿರಿ.

ಅಡಿಕೆಗರಿ

ಇವತ್ತು ರಾತ್ರಿ ಕೂತು ಮಾಡಿದೆ. ಎಎಂ ಕಿಲ್ ಕೊಟ್ಟ ತಕ್ಷಣ ನನ್ನ ಫೋನಿನಲ್ಲೂ ಫಾರ್ಮ್ ಖಾಲಿ! ಇಷ್ಟು ಖುಷಿಯಿಂದ ಬಗ್ ನೋಡಿದ್ದು ಇದೇ ಮೊದಲು.

ಸೇವ್ಡ್‌ಸ್ಟೇಟ್‌ಹ್ಯಾಂಡಲ್ ಹಾಕಿದ ಮೇಲೆ 14 ಉತ್ತರಗಳೂ ವಾಪಸ್ ಬಂದವು. ಆದರೆ ಫೋಟೋ ಬರುತ್ತಿಲ್ಲ. ಕ್ಯಾಮೆರಾ ತೆರೆದಿರುವಾಗ ಕೊಂದರೆ, ಫೋಟೋ ತೆಗೆದು ವಾಪಸ್ ಬಂದಾಗ ಕಾಲ್‌ಬ್ಯಾಕ್ (ಕ್ಯಾಮೆರಾದ ಉತ್ತರ) ಬರುತ್ತದೆ, ಯಶಸ್ವಿ ಅಂತಲೂ ಹೇಳುತ್ತದೆ. ಚಿತ್ರ ಮಾತ್ರ ಇಲ್ಲ.

ಕಡಲತಡಿ

ಕ್ಯಾಮೆರಾ ಆ್ಯಪನ್ನು ಕರೆಯಲು ಟೇಕ್‌ಪಿಕ್ಚರ್ ಕಾಂಟ್ರ್ಯಾಕ್ಟ್ ಬಳಸಿದ್ದೀರಿ ಅಲ್ವಾ? ಅದು ನಿಮಗೆ ವಾಪಸ್ ಕೊಡುವುದು ಹೌದು ಅಥವಾ ಇಲ್ಲ, ಇಷ್ಟೇ. ಫೋಟೋ ಎಲ್ಲಿ ಬರೆಯಬೇಕು ಅನ್ನುವ ಯುಆರ್‌ಐ (ಫೈಲಿನ ವಿಳಾಸ) ನೀವೇ ಕೊಟ್ಟಿದ್ದು, ನೀವೇ ನೆನಪಿಡಬೇಕು. ಅದನ್ನು ಫ್ರ್ಯಾಗ್ಮೆಂಟ್‌ನ (ಸ್ಕ್ರೀನಿನೊಳಗಿನ ಒಂದು ತುಂಡು) ಒಂದು ವೇರಿಯೇಬಲ್‌ನಲ್ಲಿ ಇಟ್ಟಿರುತ್ತೀರಿ. ಪ್ರೋಸೆಸ್ ಜೊತೆ ಅದೂ ಹೋಗಿದೆ. ಫೋಟೋ ಮಾತ್ರ ಡಿಸ್ಕ್‌ನಲ್ಲಿ ಇದೆ, ಫೈಲ್ ಹುಡುಕಿ ನೋಡಿ, ಸಿಗುತ್ತದೆ. ನಿಮ್ಮ ಚಿಕ್ಕಮ್ಮ ತೆಗೆದ ಎಲೆಯ ಚಿತ್ರವೂ ಆ ಫೋನಿನಲ್ಲಿ ಇನ್ನೂ ಇರಬಹುದು.

ಕ್ಯಾಮೆರಾ ತೆರೆಯುವ ಮೊದಲೇ ಆ ಯುಆರ್‌ಐಯನ್ನು ಹ್ಯಾಂಡಲ್‌ಗೆ ಹಾಕಿಬಿಡಿ. ಕ್ಯಾಮೆರಾದ ಉತ್ತರ ಯಾರಿಗೆ ಬರಬೇಕು ಅಂತ ಹೇಳುವ ರಿಜಿಸ್ಟರ್‌ಫಾರ್‌ಆ್ಯಕ್ಟಿವಿಟಿರಿಸಲ್ಟ್ ಅನ್ನು ಬಟನ್ ಒತ್ತಿದಾಗ ಕರೆಯಬೇಡಿ. ಸ್ಕ್ರೀನ್ ಹುಟ್ಟುವಾಗಲೇ, ಯಾವ ಷರತ್ತೂ ಇಲ್ಲದೆ ಕರೆಯಬೇಕು. ಇಲ್ಲದಿದ್ದರೆ ಹೊಸ ಪ್ರೋಸೆಸ್‌ನಲ್ಲಿ ಉತ್ತರ ಬಂದು ಬಾಗಿಲು ತಟ್ಟಿದಾಗ ತೆಗೆಯುವವರೇ ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹುರುಪಿನಲ್ಲಿ ಫೋಟೋದ ಬಿಟ್‌ಮ್ಯಾಪ್‌ನ್ನೇ ಬಂಡಲ್‌ಗೆ ಹಾಕಬೇಡಿ. ನಾನು ಹಾಕಿದ್ದೆ. ಬಂಡಲ್ ಬೈಂಡರ್ (ಪ್ರೋಸೆಸ್‌ಗಳ ನಡುವೆ ಮಾಹಿತಿ ಸಾಗಿಸುವ ದಾರಿ) ಮೂಲಕ ಹೋಗುತ್ತದೆ. ಬೈಂಡರ್‌ನ ಜಾಗ ಒಂದು ಪ್ರೋಸೆಸ್‌ಗೆ ಒಟ್ಟು 1 ಎಂಬಿ, ಅದೂ ಆ ಹೊತ್ತಿನ ಎಲ್ಲ ವ್ಯವಹಾರಗಳೂ ಹಂಚಿಕೊಳ್ಳಬೇಕು. ಮೀರಿದರೆ ಟ್ರಾನ್ಸಾಕ್ಷನ್‌ಟೂಲಾರ್ಜ್‌ಎಕ್ಸೆಪ್ಷನ್. ಆಂಡ್ರಾಯ್ಡ್ 7ಕ್ಕಿಂತ ಮೊದಲು ಇದು ಸುಮ್ನೆ ಲಾಗ್‌ನಲ್ಲಿ ಬಿದ್ದು ಹೋಗುತ್ತಿತ್ತು, 7ರಿಂದ ಆ್ಯಪನ್ನೇ ಬೀಳಿಸುತ್ತದೆ. ಕ್ರ್ಯಾಶ್ ಆಗುವುದು ಹೋಮ್ ಒತ್ತಿದಾಗ. ಎಲ್ಲಿ ತಪ್ಪು ಅಂತ ಹುಡುಕುವುದು ತುಂಬಾ ಕಷ್ಟ, ಸ್ಟ್ಯಾಕ್ ಟ್ರೇಸ್‌ನಲ್ಲಿ (ಕ್ರ್ಯಾಶ್ ಎಲ್ಲಿ ಆಯಿತು ಅನ್ನುವ ವರದಿ) ನಮ್ಮ ಕೋಡಿನ ಒಂದು ಸಾಲೂ ಇರುವುದಿಲ್ಲ. ಗೂಗಲ್ ಹೇಳುವುದು ಸೇವ್ಡ್ ಸ್ಟೇಟ್ 50 ಕೆಬಿ ಒಳಗೆ ಇರಲಿ ಅಂತ.

ಅಡಿಕೆಗರಿ

ಧನ್ಯವಾದ ಮೇಡಂ, ಯುಆರ್‌ಐ ಸರಿಯಾಗಿ ಬರುತ್ತಿದೆ. ಒಂದು ಅನುಮಾನ. ನಮ್ಮ ಕೊನೆಯ ಪ್ರಶ್ನೆಗೆ ಕೆಲವರು ಎರಡು ಪುಟ ಬರೆಯುತ್ತಾರೆ, ಅದೂ ಕನ್ನಡದಲ್ಲಿ. 50 ಕೆಬಿ ದಾಟಬಹುದೇ?

ಹಂಚಿನಮನೆ

ಲೆಕ್ಕ ಹಾಕೋಣ. ಫೈಲಿಗೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್ ಮಾಡಿ ಬರೆಯುವ ಒಂದು ರೀತಿ) ಬರೆದರೆ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಆದರೆ ಬಂಡಲ್‌ನಲ್ಲಿ ಸ್ಟ್ರಿಂಗ್ ಯುಟಿಎಫ್-16ರಲ್ಲಿ ಹೋಗುತ್ತದೆ, ಅಲ್ಲಿ 2 ಬೈಟ್. ಇಂಗ್ಲಿಷಿಗೂ ಅಷ್ಟೇ, ಕನ್ನಡಕ್ಕೂ ಅಷ್ಟೇ. ಹಾಗಾಗಿ ಕನ್ನಡ ಅಂತ ಇಲ್ಲಿ ಬೇರೆ ದಂಡ ಏನಿಲ್ಲ. ಆದರೆ ನಮ್ಮ ಒಂದು ಅಕ್ಷರದಲ್ಲಿ ಎಷ್ಟು ಚಿಹ್ನೆ ಇರುತ್ತವೆ ನೋಡಿ. "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ. ಒಳಗೆ ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ದೀರ್ಘದ ಗುರುತು, ಒಟ್ಟು ಆರು. 12 ಬೈಟ್ ಆಯಿತು.

ಎರಡು ಪುಟ ಅಂದರೆ ಸುಮಾರು 4,000 ಚಿಹ್ನೆ ಅಂದುಕೊಳ್ಳಿ, 8 ಕೆಬಿ. ಸದ್ಯಕ್ಕೆ ಭಯ ಇಲ್ಲ. ಆದರೂ ನಾನಾಗಿದ್ದರೆ ಅಷ್ಟು ಉದ್ದದ ಬರಹವನ್ನು ಬಂಡಲ್ ನೆಚ್ಚಿಕೊಂಡು ಬಿಡುತ್ತಿರಲಿಲ್ಲ. ಫೋನ್ ಆಫ್ ಆಗಿ ಆನ್ ಆದರೆ? ರೀಸೆಂಟ್ಸ್‌ನಲ್ಲಿ ಎಲ್ಲ ಕ್ಲಿಯರ್ ಮಾಡುವ ಅಭ್ಯಾಸ ಎಷ್ಟು ಜನಕ್ಕಿಲ್ಲ? ಬಂಡಲ್ ಇರುವುದು ಸ್ಕ್ರೀನಿನ ನೆನಪಿಗೆ: ಎಲ್ಲಿಯವರೆಗೆ ಸ್ಕ್ರೋಲ್ ಮಾಡಿದ್ದರು, ಯಾವ ಟ್ಯಾಬ್‌ನಲ್ಲಿ ಇದ್ದರು, ಹುಡುಕಲು ಏನು ಟೈಪ್ ಮಾಡಿದ್ದರು. ಹತ್ತು ನಿಮಿಷ ಕೂತು ಬರೆದದ್ದು ಸ್ಕ್ರೀನಿನ ನೆನಪಲ್ಲ, ಅದು ಅವರ ಬರಹ. ಅದು ಡಿಸ್ಕ್‌ಗೆ ಹೋಗಬೇಕು. ರೂಮ್‌ನಲ್ಲಿ (ಫೋನಿನಲ್ಲೇ ಇರುವ ಡೇಟಾಬೇಸ್) ಒಂದು ಡ್ರಾಫ್ಟ್ ಟೇಬಲ್ ಮಾಡಿ. ಟೈಪ್ ಮಾಡುವುದು ಅರ್ಧ ಸೆಕೆಂಡ್ ನಿಂತಾಗ ಒಮ್ಮೆ ಬರೆಯಿರಿ, ಆನ್‌ಸ್ಟಾಪ್‌ನಲ್ಲಿ ಇನ್ನೊಮ್ಮೆ. ಆಗ ಹ್ಯಾಂಡಲ್‌ನಲ್ಲಿ ಡ್ರಾಫ್ಟ್‌ನ ನಂಬರ್ ಒಂದಿದ್ದರೆ ಸಾಕು.

ಅದರಲ್ಲೊಂದು ಸೂಕ್ಷ್ಮ ಇದೆ. ಆ್ಯಕ್ಟಿವಿಟಿ ನಿಂತಮೇಲೆ ಹ್ಯಾಂಡಲ್‌ಗೆ ಬರೆದದ್ದು ಸೇವ್ ಆಗುವುದಿಲ್ಲ. ಮತ್ತೆ ಆನ್‌ಸ್ಟಾರ್ಟ್ ಆಗಿ ಆನ್‌ಸ್ಟಾಪ್ ಆಗುವವರೆಗೂ ಅದು ಲೆಕ್ಕಕ್ಕಿಲ್ಲ. ಕ್ಯಾಮೆರಾ ತೆರೆದಿರುವಾಗ ಸರ್ವರ್‌ನಿಂದ ಏನೋ ಬಂತು, ಹ್ಯಾಂಡಲ್‌ಗೆ ಹಾಕಿದಿರಿ, ಆಗಲೇ ಪ್ರೋಸೆಸ್ ಸತ್ತಿತು. ಹೋಯಿತು. ಡ್ರಾಫ್ಟ್ ಡಿಸ್ಕ್‌ನಲ್ಲಿ ಇದ್ದರೆ ಈ ಚಿಂತೆ ಇಲ್ಲ.

ಬಯಲುಸೀಮೆ

ಎಲ್ಲ ಓದಿದೆ. ನಮ್ಮ ಆ್ಯಪ್‌ಗೂ ಎಎಂ ಕಿಲ್ ಕೊಟ್ಟು ನೋಡಿದೆ. ನಾಲ್ಕು ಸ್ಕ್ರೀನ್ ಕ್ರ್ಯಾಶ್ ಆದವು, ಬೆಳಗ್ಗೆ ಟೀಮಿಗೆ ಹೇಳಬೇಕು. ಲಾಕ್ ಮಾಡಿದರೆ ಸಾಕು ಅಂತ ನಾನು ಹೇಳಿದ್ದು ತಪ್ಪಾಯಿತು.

ಆದರೂ ಕೇಳುತ್ತೇನೆ. ಪ್ರೋಸೆಸ್ ಸಾವನ್ನು ಬೇರೆಯಾಗಿ ನೋಡಿಕೊಂಡ ಮೇಲೆ, ತಿರುಗುವುದಕ್ಕೆ ಲಾಕ್ ಹಾಕಿದರೆ ಏನು ಕೆಡುತ್ತದೆ? ಅಥವಾ ಮ್ಯಾನಿಫೆಸ್ಟ್‌ನ ಕಾನ್ಫಿಗ್‌ಚೇಂಜಸ್‌ನಲ್ಲಿ ಓರಿಯೆಂಟೇಶನ್, ಸ್ಕ್ರೀನ್‌ಸೈಜ್ ಹಾಕಿ ನಾವೇ ನೋಡಿಕೊಳ್ಳುತ್ತೇವೆ ಅಂದರೆ?

ಕಡಲತಡಿ

ತಿರುಗಿಸುವುದೊಂದೇ ಕಾನ್ಫಿಗರೇಶನ್ ಬದಲಾವಣೆ ಅಲ್ಲ. ಡಾರ್ಕ್ ಮೋಡ್ ಬದಲಾದರೆ ಆ್ಯಕ್ಟಿವಿಟಿ ಮತ್ತೆ ಹುಟ್ಟುತ್ತದೆ, ಎಷ್ಟೋ ಫೋನುಗಳಲ್ಲಿ ಅದು ಸಂಜೆಯಾದರೆ ತಾನಾಗಿ ಬದಲಾಗುತ್ತದೆ. ಕಣ್ಣು ಮಂಜು ಅಂತ ಅಕ್ಷರದ ಗಾತ್ರ ದೊಡ್ಡದು ಮಾಡಿದರೂ ಹುಟ್ಟುತ್ತದೆ. ಸ್ಪ್ಲಿಟ್ ಸ್ಕ್ರೀನ್ ಮಾಡಿದರೂ ಅಷ್ಟೇ. ಆಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಭಾಷೆ ಇಡಬಹುದು. ಫಾರ್ಮ್ ತುಂಬುತ್ತಾ ಇರುವಾಗ ಯಾರೋ ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿದರು ಅಂದುಕೊಳ್ಳಿ. ಕನ್ನಡ ಆರಿಸಿಕೊಂಡದ್ದಕ್ಕೆ ಅವರು ಬರೆದದ್ದು ಅಳಿಸಿಹೋಗಬೇಕಾ?

ಲಾಕ್ ಕೂಡ ಎಲ್ಲ ಕಡೆ ನಡೆಯುವುದಿಲ್ಲ ಈಗ. ಆಂಡ್ರಾಯ್ಡ್ 16ಕ್ಕೆ ಟಾರ್ಗೆಟ್ ಮಾಡಿದ ಆ್ಯಪ್‌ಗಳಲ್ಲಿ, ಸ್ಕ್ರೀನಿನ ಚಿಕ್ಕ ಬದಿಯೇ 600 ಡಿಪಿ (ಸ್ಕ್ರೀನ್ ಅಳೆಯುವ ಮಾನ) ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಿಸ್ಟಮ್ ಆ ಲಾಕ್‌ಗೆ ಬೆಲೆ ಕೊಡುವುದಿಲ್ಲ. ಟ್ಯಾಬ್ಲೆಟ್, ಬಿಡಿಸಿದರೆ ಅಷ್ಟು ದೊಡ್ಡದಾಗುವ ಮಡಚುವ ಫೋನ್ ಅದರಲ್ಲಿ ಬಂತು. ಗೇಮ್‌ಗಳಿಗೆ ವಿನಾಯಿತಿ ಇದೆ.

ಕಾನ್ಫಿಗ್‌ಚೇಂಜಸ್ ಪಾಪದ ಕೆಲಸ ಅಂತ ನಾನು ಹೇಳುವುದಿಲ್ಲ. ವಿಡಿಯೋ ಓಡುತ್ತಿರುವ ಸ್ಕ್ರೀನ್, ಕ್ಯಾಮೆರಾ ಪ್ರಿವ್ಯೂ ಇರುವ ಸ್ಕ್ರೀನ್ ಇಂಥ ಕಡೆ ಬಳಸಿ, ಅಲ್ಲಿ ಮತ್ತೆ ಹುಟ್ಟಿಸುವುದು ದುಬಾರಿ. ಫಾರ್ಮ್‌ಗೆ ಬೇಡ.

ಹೊಸಬ_ಹಾಸನ

ನಾನು ಇನ್ನೂ ಕಲಿಯುತ್ತಿದ್ದೇನೆ, ಕಾಲೇಜಿನಲ್ಲಿ ಕಂಪೋಸ್ (ಆಂಡ್ರಾಯ್ಡ್ ಸ್ಕ್ರೀನ್ ಕಟ್ಟುವ ಹೊಸ ವಿಧಾನ) ಹೇಳಿಕೊಡುತ್ತಿದ್ದಾರೆ. ಅಲ್ಲಿ ರಿಮೆಂಬರ್ ಅಂತ ಇದೆ. ಅದು ಇದನ್ನೆಲ್ಲ ನೋಡಿಕೊಳ್ಳುವುದಿಲ್ವಾ?

ನಡುರಾತ್ರಿ

ಇಲ್ಲ ತಮ್ಮಾ. ಹೆಸರು ರಿಮೆಂಬರ್, ಆದರೆ ಸ್ಕ್ರೀನ್ ಮತ್ತೆ ಬಿಡಿಸುವಾಗ ಮಾತ್ರ ಅದಕ್ಕೆ ನೆನಪು. ಫೋನ್ ತಿರುಗಿಸಿದರೂ ಮರೆಯುತ್ತದೆ. ರಿಮೆಂಬರ್‌ಸೇವಬಲ್ ಬಳಸಿ, ಅದು ಬಂಡಲ್‌ಗೆ ಬರೆಯುತ್ತದೆ, ಎರಡೂ ಸಾವು ದಾಟುತ್ತದೆ. ಬಂಡಲ್‌ಗೆ ಹಿಡಿಯದ ನಿಮ್ಮದೇ ಕ್ಲಾಸ್ ಇದ್ದರೆ ಪಾರ್ಸೆಲೈಜ್ ಮಾಡಿ ಅಥವಾ ಸೇವರ್ ಬರೆಯಿರಿ. 50 ಕೆಬಿ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಫ್ಲಟರ್‌ನಲ್ಲಿ (ಆ್ಯಪ್ ಕಟ್ಟುವ ಇನ್ನೊಂದು ಸಾಧನ) ಕೆಲಸ ಮಾಡುವ ಗೆಳೆಯರು "ನಮಗೆ ತಿರುಗಿಸುವ ತೊಂದರೆ ಇಲ್ಲ" ಅನ್ನುತ್ತಾರೆ. ಹೌದು, ಅಲ್ಲಿ ಆ್ಯಕ್ಟಿವಿಟಿ ಬದಲಾವಣೆಗಳನ್ನು ತಾನೇ ನಿಭಾಯಿಸುತ್ತದೆ. ಆದರೆ ಪ್ರೋಸೆಸ್ ಸಾವು ಅವರಿಗೂ ತಪ್ಪಿದ್ದಲ್ಲ. ಸ್ಥಿತಿ ಉಳಿಸುವ ರಿಸ್ಟೋರೇಶನ್‌ಮಿಕ್ಸಿನ್ ಹಾಕದೇ ಇದ್ದರೆ ಅವರ ಫಾರ್ಮೂ ಖಾಲಿ. ಐಫೋನ್‌ನಲ್ಲೂ ಹಿಂದೆ ಸರಿದ ಆ್ಯಪನ್ನು ಸಿಸ್ಟಮ್ ಮುಗಿಸಬಹುದು, ಅಲ್ಲಿ ಸ್ಕ್ರೀನ್ ಕಟ್ಟುವ ಸ್ವಿಫ್ಟ್‌ಯುಐಗೆ ಇದೇ ಕೆಲಸದ ಸೀನ್‌ಸ್ಟೋರೇಜ್ ಇದೆ.

ಅಡಿಕೆಗರಿ

ಹತ್ತು ದಿನ ಆದಮೇಲೆ ಬರೆಯುತ್ತಿದ್ದೇನೆ.

ಉತ್ತರಗಳೆಲ್ಲ ಈಗ ರೂಮ್‌ನಲ್ಲಿ ಡ್ರಾಫ್ಟ್ ಆಗಿ ಕೂರುತ್ತವೆ. ಹ್ಯಾಂಡಲ್‌ನಲ್ಲಿ ಇರುವುದು ಡ್ರಾಫ್ಟ್ ನಂಬರ್, ಫೋಟೋದ ಯುಆರ್‌ಐ, ಯಾವ ಪ್ರಶ್ನೆಯಲ್ಲಿ ಇದ್ದರು ಅನ್ನುವುದು, ಇಷ್ಟೇ. ಸಿಂಗಲ್‌ಟನ್ ಒಂದಿತ್ತು, ತೆಗೆದೆ. ದಾರಿಯಲ್ಲಿ ಇನ್ನೊಂದು ಸಿಕ್ಕಿತು: ಆನ್‌ಕ್ರಿಯೇಟ್‌ನಲ್ಲಿ ಸೇವ್ಡ್‌ಇನ್‌ಸ್ಟನ್ಸ್‌ಸ್ಟೇಟ್ ನಲ್ ಇದೆಯಾ ಅಂತ ನೋಡದೆ ಫ್ರ್ಯಾಗ್ಮೆಂಟ್ ಸೇರಿಸುತ್ತಿದ್ದೆ. ಸಿಸ್ಟಮ್ ಹಳೆಯದನ್ನು ತಾನೇ ವಾಪಸ್ ತಂದಿರುತ್ತದೆ, ಅದರ ಮೇಲೆ ನನ್ನದೂ ಒಂದು. ಒಂದರ ಮೇಲೊಂದು ಎರಡು ಫಾರ್ಮ್ ಇದ್ದವು. ಬಿಳಿ ಬಣ್ಣ ಬಳಿದಿದ್ದರಿಂದ ಕೆಳಗಿನದು ಇಷ್ಟು ದಿನ ಕಾಣಲೇ ಇಲ್ಲ.

ನಿನ್ನೆ ಮತ್ತೆ ತೀರ್ಥಹಳ್ಳಿಗೆ ಹೋಗಿದ್ದೆ. ಮೊದಲು ಹಳೇ ಫೈಲ್‌ಗಳಲ್ಲಿ ಹುಡುಕಿದೆ. ಕಡಲತಡಿ ಮೇಡಂ ಹೇಳಿದ ಹಾಗೇ ಅವತ್ತಿನ ಎಲೆಯ ಫೋಟೋ ಅಲ್ಲೇ ಇತ್ತು. ಚಿಕ್ಕಮ್ಮನಿಗೆ ತೋರಿಸಿ, "ನೋಡಿ, ನೀವು ಸರಿಯಾಗೇ ಒತ್ತಿದ್ರಿ, ತಪ್ಪು ನಮ್ಮದು" ಅಂದೆ. "ಹೌದಾ?" ಅಂತ ಫೋಟೋವನ್ನೇ ಸ್ವಲ್ಪ ಹೊತ್ತು ನೋಡಿದರು.

ಆಮೇಲೆ ಹೊಸ ಆ್ಯಪ್ ಹಾಕಿ ಕೊಟ್ಟೆ. ಅರ್ಧ ತುಂಬಿದರು, ಕ್ಯಾಮೆರಾ ತೆರೆದರು, ನಡುವೆ ಮಗಳ ಫೋನ್ ಬಂತು, ಮಾತಾಡುತ್ತಾ ಒಳಗೆ ಹೋದರು. ಅರ್ಧ ಗಂಟೆ ಬಿಟ್ಟು ಬಂದು ತೆರೆದರೆ ಎಲ್ಲ ಇದ್ದ ಹಾಗೇ ಇತ್ತು. ಲಾಗ್ ನೋಡಿದೆ, ನಡುವೆ ಪ್ರೋಸೆಸ್ ಎರಡು ಸಲ ಸತ್ತಿತ್ತು.

ಕಳಿಸಿದ ಮೇಲೆ ಪಕ್ಕದ ತೋಟದವರದ್ದನ್ನೂ ತುಂಬುತ್ತೇನೆ ಅಂದರು. ಅದನ್ನು ಅರ್ಧಕ್ಕೆ ಬಿಟ್ಟು, ತಮ್ಮ ಮೇಲಿನ ತೋಟದ್ದನ್ನು ಮೊದಲು ಶುರು ಮಾಡಬೇಕಿತ್ತು ಅವರಿಗೆ. ಆ್ಯಪ್ ತೆರೆದಾಗಲೆಲ್ಲ ಆ ಅರ್ಧ ಫಾರ್ಮೇ ಬರುತ್ತದೆ. "ಇದು ಇರ್ಲಿ, ಬೇರೇದು ಹೇಗೆ ಶುರು ಮಾಡೋದು?" ಅಂತ ಕೇಳಿದರು. ನಾನು ಒಂದೇ ಡ್ರಾಫ್ಟ್ ಇಟ್ಟಿದ್ದೆ.

ಹಾಗಾಗಿ ಮತ್ತೆ ಬಂದೆ. ಒಂದಕ್ಕಿಂತ ಜಾಸ್ತಿ ಡ್ರಾಫ್ಟ್ ಇದ್ದಾಗ ಆ್ಯಪ್ ತೆರೆದ ತಕ್ಷಣ ಏನು ತೋರಿಸುತ್ತೀರಿ? ಪಟ್ಟಿಯನ್ನೋ, ಕೊನೆಗೆ ಬಿಟ್ಟದ್ದನ್ನೋ?

ಕಡಲತಡಿ

ಪ್ರೋಸೆಸ್ ಸತ್ತು ಎದ್ದಿದ್ದರೆ ಕೊನೆಗೆ ಬಿಟ್ಟ ಫಾರ್ಮ್, ಅವರಿಗೆ ಆ್ಯಪ್ ಸತ್ತಿದ್ದೇ ಗೊತ್ತಿಲ್ಲ. ಅವರೇ ಐಕಾನ್ ಒತ್ತಿ ಹೊಸದಾಗಿ ತೆರೆದಿದ್ದರೆ ಪಟ್ಟಿ. ಒಂದೊಂದು ಡ್ರಾಫ್ಟ್‌ಗೂ ತೋಟದ ಹೆಸರು, ಎಲೆಯ ಸಣ್ಣ ಚಿತ್ರ ಹಾಕಿ. ಮೇಲೆ ದೊಡ್ಡದಾಗಿ "ಹೊಸ ಫಾರ್ಮ್" ಬಟನ್. ಮಾಡಿದ ಮೇಲೆ ಚಿಕ್ಕಮ್ಮ ಏನಂದರು ಅಂತ ಇಲ್ಲಿ ಬರೆಯಿರಿ.